ಹಳೇ ಬೋಟ್ ಇಂಜಿನ್ ಸ್ಟಾರ್ಟ್ ಆಗಿ ನಿಲ್ಲುತ್ತದೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ (ಶಿರಿಯಾದಿಂದ):
ಅಣ್ಣಾ, ನಮಸ್ಕಾರ. ನಮ್ಮದು ಫೈಬರ್ ದೋಣಿ, ಹಿಂದೆ ಹೊರಗೆ ಕಟ್ಟುವ ಹಳೇ ಸೀಮೆಎಣ್ಣೆ ಔಟ್‌ಬೋರ್ಡ್ ಇಂಜಿನ್. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಇತ್ತು. ಈಗ ಹಗ್ಗ ಎಳೆದರೆ ಕೂಡಲೇ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ, ಆಮೇಲೆ ಶಬ್ದ ಇಳಿಯುತ್ತಾ ಬಂದು ನಿಂತುಬಿಡುತ್ತದೆ. ಬಿಟ್ಟು ಎಳೆದರೆ ಮತ್ತೆ ಸ್ಟಾರ್ಟ್, ಮತ್ತೆ ಅದೇ ಕತೆ. ಪ್ಲಗ್ ಹೊಸತು ಹಾಕಿದ್ದೇನೆ. ಕಾರ್ಬ್ಯುರೇಟರ್ ಬಿಚ್ಚಿಸಿ ತೊಳೆಸಿದ್ದೂ ಆಯಿತು. ಅಳಿವೆ (ಹೊಳೆ ಕಡಲು ಸೇರುವ ಜಾಗ) ದಾಟುವಾಗ ಹೀಗಾದರೆ ಏನು ಗತಿ ಅಂತ ಅಪ್ಪ ದೋಣಿ ಇಳಿಸಲಿಕ್ಕೇ ಬಿಡುತ್ತಿಲ್ಲ. ಇಂಜಿನ್ ಕತೆ ಮುಗಿಯಿತಾ?

ಉತ್ತರ (ಔಟ್‌ಬೋರ್ಡ್ ಮೆಕ್ಯಾನಿಕ್, ಮಂಜೇಶ್ವರ):
ತಮ್ಮಾ, ಅಪ್ಪ ಮಾಡಿದ್ದು ಸರಿ. ಇದು ಸರಿಯಾಗುವವರೆಗೆ ಅಳಿವೆ ಕಡೆ ಹೋಗಲೇ ಬೇಡ. ಅಲೆ ಒಡೆಯುವ ಜಾಗದಲ್ಲಿ ಇಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮತ್ತೆ ಹಗ್ಗ ಎಳೆಯುವಷ್ಟು ಸಮಯ ಸಿಗುವುದಿಲ್ಲ.

ಇಂಜಿನ್ ಮುಗಿದಿಲ್ಲ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ ಅಂದರೆ ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಉಂಟು, ಕಿಡಿಯೂ ಉಂಟು. ನನಗೆ ಬೇಕಾದ ವಿಷಯ ನೀನು ಬರೆದಿಲ್ಲ. ಈ ಇಂಜಿನ್ ಸ್ಟಾರ್ಟ್ ಮಾಡುವುದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಕಾಕ್ (ಎಣ್ಣೆ ಬದಲಿಸುವ ತಿರುಗಣೆ) ತಿರುಗಿಸಿ ಸೀಮೆಎಣ್ಣೆಗೆ ಹೋಗುವುದು ಅಲ್ವಾ? ನಿಲ್ಲುವುದು ಪೆಟ್ರೋಲಿನಲ್ಲಿ ಓಡುವಾಗಲಾ, ಸೀಮೆಎಣ್ಣೆಗೆ ಕಾಕ್ ತಿರುಗಿಸಿದ ಮೇಲಾ? ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಸಿ ಇಂಜಿನ್ ಇಳಿಸು. ನೀರೆಳೆಯುವ ತೂತು ಪೂರ್ತಿ ಮುಳುಗಿರಬೇಕು. ನೀರಿಲ್ಲದೆ ಓಡಿಸಿದರೆ ಇಂಪೆಲ್ಲರಿನ (ತಂಪಿನ ನೀರು ಎಳೆಯುವ ಚಕ್ರ) ರಬ್ಬರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕಾಕ್ ತಿರುಗಿಸದೆ ಪೆಟ್ರೋಲಿನಲ್ಲೇ ಐದು ನಿಮಿಷ ಬಿಟ್ಟು ನೋಡಿ ಹೇಳು.

ಪ್ರಶ್ನೆ ಕೇಳಿದವರು:
ನೋಡಿದೆ ಅಣ್ಣಾ. ಪೆಟ್ರೋಲಿನಲ್ಲಿ ನಿಲ್ಲುವುದೇ ಇಲ್ಲ. ಸೀಮೆಎಣ್ಣೆಗೆ ತಿರುಗಿಸಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇಂಜಿನ್ ಬಿಸಿಯಾದ ಮೇಲೇ ತಿರುಗಿಸಿದ್ದು.

ಉತ್ತರ:
ಹಾಗಾದರೆ ಅರ್ಧ ಕೆಲಸ ಮುಗಿಯಿತು. ಪ್ಲಗ್, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಕಾರ್ಬ್ಯುರೇಟರ್ ಎರಡು ಎಣ್ಣೆಗೂ ಒಂದೇ ಅಲ್ವಾ? ಪೆಟ್ರೋಲಿನಲ್ಲಿ ಸರಿಯಾಗಿ ಓಡಿದರೆ ಅವುಗಳ ಮೇಲೆ ಅನುಮಾನ ಬೇಡ. ಸುಮ್ನೆ ಕಾರ್ಬ್ಯುರೇಟರ್ ಬಿಚ್ಚಬೇಡ. ಹಳೇ ಇಂಜಿನಿನ ಸಣ್ಣ ಸ್ಕ್ರೂ, ಗ್ಯಾಸ್ಕೆಟ್ ಪ್ರತಿ ಸಲ ಬಿಚ್ಚುವಾಗಲೂ ಒಂದಿಷ್ಟು ಹಾಳಾಗುತ್ತವೆ. ಕಾಕ್ ತಿರುಗಿಸಿದ ಮೇಲೂ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲಿನಲ್ಲಿ ಇಂಜಿನ್ ಸ್ವಲ್ಪ ಹೊತ್ತು ಓಡುತ್ತದೆ. ಅದು ಖಾಲಿಯಾಗುವಷ್ಟರಲ್ಲಿ ಸೀಮೆಎಣ್ಣೆ ಬಂದು ತುಂಬಬೇಕು. ನಿನ್ನದರಲ್ಲಿ ಬರುತ್ತಿಲ್ಲ.

ಈಗ ಸೀಮೆಎಣ್ಣೆ ಟ್ಯಾಂಕಿನಿಂದ ಇಂಜಿನ್ನಿಗೆ ಬರುವ ಪೈಪಿನ ಮಧ್ಯದಲ್ಲಿರುವ, ಅಮುಕಿ ಎಣ್ಣೆ ತಳ್ಳುವ ರಬ್ಬರ್ ಬಲ್ಬನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಸು. ಶಬ್ದ ಇಳಿಯುವ ಹೊತ್ತಿಗೆ ಬಲ್ಬ್ ಹೇಗಿದೆ ಅಂತ ಕೈಗೇ ತಿಳಿಯುತ್ತದೆ. ಒಳಗೆ ಎಳೆದುಕೊಂಡು ಚಪ್ಪಟೆ ಆಗಿದ್ದರೆ ಟ್ಯಾಂಕಿಗೂ ಬಲ್ಬಿಗೂ ಮಧ್ಯೆ ಎಲ್ಲೋ ಕಟ್ಟಿದೆ. ಚಪ್ಪಟೆ ಆಗದೆ ಮೆತ್ತಗಿದ್ದು, ಅಮುಕಿದರೂ ಗಟ್ಟಿ ಆಗದಿದ್ದರೆ ಗಾಳಿ ಒಳಗೆ ಹೋಗುತ್ತಿದೆ. ಜಾಸ್ತಿ ಕಾಣುವುದು ಪೈಪ್ ಸಿಕ್ಕಿಸುವ ಕನೆಕ್ಟರಿನ ಓ ರಿಂಗ್ (ರಬ್ಬರ್ ಬಳೆ) ಹೋಗಿರುವುದು. ಬಲ್ಬಿನ ಒಳಗಿನ ವಾಲ್ವ್ ಹೋಗಿದ್ದರೂ ಹೀಗೇ. ಬಲ್ಬ್ ಸರಿಯಾಗಿಯೇ ಇದ್ದು, ನಿಲ್ಲುವ ಹೊತ್ತಿಗೆ ಅಮುಕುತ್ತಾ ಇದ್ದರೆ ಮಾತ್ರ ಇಂಜಿನ್ ಓಡುತ್ತದಾ? ಆಗ ಫ್ಯೂಯೆಲ್ ಪಂಪಿನ ಡಯಾಫ್ರಂ (ಒಳಗಿನ ತೆಳು ಪೊರೆ) ಗಟ್ಟಿಯಾಗಿದೆ ಅಥವಾ ಹರಿದಿದೆ.

ಪ್ರಶ್ನೆ ಕೇಳಿದವರು:
ಚಪ್ಪಟೆ ಆಗುತ್ತದೆ ಅಣ್ಣಾ! ನಿಂತ ಮೇಲೆ ಮೆಲ್ಲ ಉಬ್ಬುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದೇ ಇದೆ.

ಉತ್ತರ:
ಸ್ಕ್ರೂ ತೆರೆದಿದ್ದರೂ ತೂತಿನಲ್ಲಿ ಉಪ್ಪು ಕಟ್ಟಿರಬಹುದು, ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಎಣ್ಣೆ ಬರುವುದಿಲ್ಲ. ಮುಚ್ಚಳವನ್ನೇ ಪೂರ್ತಿ ಸಡಿಲ ಮಾಡಿ ಓಡಿಸು. ನಿಲ್ಲದಿದ್ದರೆ ತಂತಿ ಹಾಕಿ ಆ ತೂತು ಬಿಡಿಸು, ಅಲ್ಲಿಗೆ ಮುಗಿಯಿತು.

ಆಗಲೂ ಚಪ್ಪಟೆಯಾದರೆ ಟ್ಯಾಂಕಿನ ಒಳಗೆ ಇಳಿದಿರುವ ಕೊಳವೆಯ ಜಾಲರಿ ತೆಗೆದು ನೋಡು. ಹಳೇ ಸೀಮೆಎಣ್ಣೆ ಟ್ಯಾಂಕಿನ ತಳದಲ್ಲಿ ಕಪ್ಪು ಅಂಟು ಕೂರುತ್ತದೆ, ನೀರೂ ಇರುತ್ತದೆ. ತಳದ ಎಣ್ಣೆಯನ್ನು ಗಾಜಿನ ಬಾಟಲಿಗೆ ಸುರಿದು ಅಲ್ಲಾಡಿಸದೆ ಇಡು. ನೀರಿದ್ದರೆ ಕೆಳಗೆ ಬೇರೆ ಪದರ ಕಾಣುತ್ತದೆ.

ಕೊನೆಗೆ ಪೈಪ್. ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಪದರ ಮಾತ್ರ ಎದ್ದು ಬಂದಿರುತ್ತದೆ. ಇಂಜಿನ್ ಎಳೆದಾಗ ಆ ಪದರ ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಊದಿ ನೋಡಿದರೆ ಸರಿಯಾಗಿ ಹೋದ ಹಾಗೆ ಕಾಣಬಹುದು, ಅದನ್ನು ನಂಬಬೇಡ. ತುದಿಯನ್ನು ಒಂದಿಂಚು ಕತ್ತರಿಸಿ ಉದ್ದಕ್ಕೆ ಸೀಳಿ ನೋಡು. ಬಾಯಿಂದ ಮಾತ್ರ ಎಣ್ಣೆ ಎಳೆಯಬೇಡ.

ಪ್ರಶ್ನೆ ಕೇಳಿದವರು:
ಪೈಪೇ ಅಣ್ಣಾ. ಟ್ಯಾಂಕ್ ಕಡೆಯ ತುದಿ ಸೀಳಿದಾಗ ಒಳಗಿನ ಕಪ್ಪು ಪೊರೆ ಸುಲಿದು ಸುರುಳಿ ಸುತ್ತಿಕೊಂಡಿತ್ತು. ಹೊಸ ಪೈಪ್ ಹಾಕುವಾಗ ಏನಾದರೂ ನೋಡಬೇಕಾ?

ಉತ್ತರ:
ಸಿಕ್ಕಿತಲ್ಲ, ಖುಷಿಯಾಯಿತು. ಎಣ್ಣೆಗೆಂದೇ ಮಾಡಿದ ಪೈಪ್ ತೆಗೆದುಕೋ, ತೋಟದ ಪೈಪ್ ಬೇಡ. ಬಲ್ಬನ್ನೂ ಬದಲಿಸು. ಅದರ ಮೇಲಿನ ಬಾಣದ ಗುರುತು ಇಂಜಿನ್ ಕಡೆಗೆ ಇರಬೇಕು. ಇಷ್ಟು ಕಸ ಒಳಗೆ ಹೋಗಿರುವುದರಿಂದ ಇಂಜಿನ್ನಿನ ಫಿಲ್ಟರ್ ತೊಳೆದೇ ಓಡಿಸು. ದಿನಾ ದಡಕ್ಕೆ ಬರುವ ಮೊದಲು ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿಯೇ ನಿಲ್ಲಿಸು. ಬಟ್ಟಲಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಹಗ್ಗ ಎಳೆದು ಕೈ ಸೋಲುತ್ತದೆ. ಮೊದಲ ಓಟ ಹೊಳೆಯ ಒಳಗೇ ಇರಲಿ. ಹುಟ್ಟು, ಲಂಗರು ದೋಣಿಯಲ್ಲಿ ಇರಲಿ.

ಇನ್ನೊಬ್ಬರು (ಕಾಸರಗೋಡು ಕಸಬಾ):
ನಡುವೆ ಕೇಳುತ್ತೇನೆ. ನನ್ನದು ಪೆಟ್ರೋಲ್ ಇಂಜಿನ್. ಅರ್ಧ ಗಂಟೆ ಓಡಿ ತಟ್ಟನೆ ನಿಲ್ಲುತ್ತದೆ, ತಣ್ಣಗಾದರೆ ಮಾತ್ರ ಸ್ಟಾರ್ಟ್. ಇದೂ ಪೈಪಾ?

ಉತ್ತರ:
ಇರಲಿಕ್ಕಿಲ್ಲ ಅಣ್ಣಾ. ಎಣ್ಣೆ ಸಾಲದಿದ್ದರೆ ಸಾಮಾನ್ಯವಾಗಿ ಶಬ್ದ ಇಳಿದು ನಿಲ್ಲುತ್ತದೆ, ಕಿಡಿ ಹೋದರೆ ತಟ್ಟನೆ. ಮೊದಲು ಹಿಂದಿನಿಂದ ಬರುವ ತಂಪಿನ ನೀರಿನ ಧಾರೆ ಜೋರಾಗಿದೆಯಾ ನೋಡಿ. ಅದು ಸಣ್ಣದಾಗಿದ್ದರೆ ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ, ಇಂಪೆಲ್ಲರ್ ಬದಲಿಸುವವರೆಗೆ ಓಡಿಸಲೇಬೇಡಿ. ಧಾರೆ ಸರಿ ಇದ್ದರೆ, ನಿಂತ ಕೂಡಲೇ, ತಣ್ಣಗಾಗುವ ಮೊದಲೇ ಕಿಡಿ ನೋಡಬೇಕು. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ಲೋಹ ಇಂಜಿನ್ನಿಗೆ ತಾಗಿಸಿ ಹಗ್ಗ ಎಳೆಸಿ. ಪ್ಲಗ್ಗಿನ ತೂತಿನಿಂದ ದೂರ ಇರಲಿ, ಹತ್ತಿರ ಚೆಲ್ಲಿದ ಪೆಟ್ರೋಲ್ ಇರಬಾರದು. ಬಿಸಿಯಲ್ಲಿ ಕಿಡಿ ಇಲ್ಲದೆ ತಣ್ಣಗಾದ ಮೇಲೆ ಬಂದರೆ ಮೊದಲ ಅನುಮಾನ ಕಾಯಿಲ್ ಮೇಲೆ. ಕಾಯಿಲ್ ತರುವ ಮೊದಲು ಸ್ಟಾಪ್ ಸ್ವಿಚ್ಚಿನ ತಂತಿ ಬಿಡಿಸಿ ಒಮ್ಮೆ ನೋಡಿ. ಆ ಸ್ವಿಚ್ಚಿನಲ್ಲಿ ಉಪ್ಪುನೀರು ಕೂತರೂ ಕಿಡಿ ಹೋಗುತ್ತದೆ, ಅದಕ್ಕೆ ಖರ್ಚು ಕಡಿಮೆ.