ಪದಚರ್ಚೆ: ‘ಬೆಚ್ಚಗಿನ’ ಕ್ರಿಸ್‌ಮಸ್ ಕತೆಯೋ, ‘ಮನ ತಣಿಸುವ’ ಕತೆಯೋ?

ಬಲ್ಲವರಿಗೆಲ್ಲ ನಮಸ್ಕಾರ.

ಬಳ್ಳಾರಿಯ ನಮ್ಮ ಓದುಗರ ಬಳಗಕ್ಕಾಗಿ ಕೆಲವು ಇಂಗ್ಲಿಷ್ ಕ್ರಿಸ್‌ಮಸ್ ಕತೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಕಲನದ ಮುಖಪುಟದಲ್ಲಿ ಈ ಬಗೆಯ ಕತೆಗಳನ್ನು ಏನೆಂದು ಕರೆಯಬೇಕು ಎಂಬಲ್ಲಿ ಪೆನ್ನು ನಿಂತಿದೆ. ಇಂಗ್ಲಿಷಿನವರು ‘ಕೋಜಿ’ ಎನ್ನುತ್ತಾರೆ, ‘ಹಾರ್ಟ್‌ವಾರ್ಮಿಂಗ್’ ಎನ್ನುತ್ತಾರೆ. ಹೊರಗೆ ಹಿಮ, ಒಳಗೆ ಅಗ್ಗಿಷ್ಟಿಕೆ. ಮುನಿಸಿಕೊಂಡು ಹೋದವರು ಹಬ್ಬದ ಹಿಂದಿನ ಸಂಜೆ ಮನೆ ಸೇರುತ್ತಾರೆ. ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಆ ಭರವಸೆಗಾಗಿಯೇ ಜನ ಓದುತ್ತಾರೆ. ಇದನ್ನು ಹಗುರವಾಗಿ ಕಾಣುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಮ್ಮ ಬಯಲಾಟ ನೋಡಲು ಕುಳಿತವರಿಗೂ ಕತೆಯ ಕೊನೆ ಗೊತ್ತಿರುತ್ತದೆ, ಆದರೂ ಬೆಳಗಿನವರೆಗೆ ಏಳುವುದಿಲ್ಲ.

‘ಹೃದಯಸ್ಪರ್ಶಿ’ ಬೇಡ. ಬೀಳ್ಕೊಡುಗೆ, ಸನ್ಮಾನಗಳ ವರದಿಯಲ್ಲೆಲ್ಲ ಬಳಸಿ ಬಳಸಿ ಅದನ್ನು ಸವೆಸಿದ್ದೇವೆ.

‘ಬೆಚ್ಚಗಿನ ಕತೆ’ಗೆ ಸರ್ವಜ್ಞನ ಬೆಂಬಲವಿದೆ. ‘ಬೆಚ್ಚನೆಯ ಮನೆಯಿರಲು’ ಎಂಬಲ್ಲಿ ಆ ಪದಕ್ಕೆ ಕಾವಿನ ಜೊತೆಗೆ ಆಸರೆ, ನೆಮ್ಮದಿ ಎಂಬ ಅರ್ಥವೂ ಸೇರಿದೆ. ‘ಕೋಜಿ’ಗೆ ಇಷ್ಟು ಹತ್ತಿರದ ಪದ ನನಗೆ ಬೇರೆ ಕಂಡಿಲ್ಲ. ಇನ್ನೊಂದು ಸೊಗಸೂ ಇದೆ: ‘ಬೆಚ್ಚು’ ಎಂದರೆ ಹೆದರಿ ನಡುಗುವುದೂ ಹೌದು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರ್ 19ರಂದು ಹೊರತಂದ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಕಿರುಪುಸ್ತಕದಲ್ಲಿ ಜಿಪುಣ ಸ್ಕ್ರೂಜ್‌ನ ಮನಸ್ಸು ಕರಗುವುದು ಭೂತಗಳನ್ನು ಕಂಡು ಬೆಚ್ಚಿದ ಮೇಲೆಯೇ. ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್‌ಮಸ್ ಮುನ್ನಾದಿನದ ಹೊತ್ತಿಗೆ ಮಾರಾಟವಾಗಿದ್ದವು. ಮುಂದೆ ಬಂದ ಎಷ್ಟೋ ಕತೆಗಳು ಅದೇ ಜಾಡು ಹಿಡಿದವು.

ಆದರೆ ನಮ್ಮ ಕಡೆಯ ಓದುಗರನ್ನು ನೆನೆದರೆ ಕೈ ತಡೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಡಿಸೆಂಬರಿನ ಮಧ್ಯಾಹ್ನವೂ ಬಿಸಿಲಿನದೇ. ಮಗುವಿನ ಮೈ ಬೆಚ್ಚಗಿದೆ ಎಂದರೆ ಜ್ವರದ ಆತಂಕ. ಕೈ ಬಿಸಿ ಮಾಡುವುದೆಂದರೆ ಲಂಚ. ಅನ್ಯಾಯ ಕಂಡರೆ ಹೊಟ್ಟೆ ಉರಿಯುತ್ತದೆ. ಸುಖದ ಮಾತುಗಳು ಮಾತ್ರ ತಂಪಿನವು: ಉಂಡು ಎದ್ದ ಹಿರಿಯರು ‘ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ’ ಎಂದು ಹರಸುತ್ತಾರೆ. ಒಂದು ಕತೆಯಲ್ಲಿ ಒಂಟಿ ಮುದುಕಿ ಹಿಮದಲ್ಲಿ ನೆನೆದು ಬಂದ ಹುಡುಗನನ್ನು ಒಳಗೆ ಕರೆದು ಸೂಪು ಕೊಡುತ್ತಾಳೆ. ಅಲ್ಲಿನ ‘ಆಕೆಯ ಎದೆ ಬೆಚ್ಚಗಾಯಿತು’ ಎಂಬ ವಾಕ್ಯವನ್ನು, ಪ್ರತಿ ಹಬ್ಬಕ್ಕೂ ಚರ್ಚಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಲು ನಿಲ್ಲುವ ಕೌಲ್ ಬಜಾರಿನ ಹಿರಿಯರೊಬ್ಬರಿಗೆ ಓದಿ ಹೇಳಿದೆ. ‘ಆಕೆಯ ಎದೆ ತಂಪಾಯಿತು ಎನ್ನಬಾರದೇ?’ ಎಂದು ಕೇಳಿದರು. ಒಲೆಯ ಮುಂದೆ ಹುಡುಗ ನಡುಗುತ್ತಿರುವಾಗ ತಂಪು ಎನ್ನಲು ನನಗೆ ಮನಸ್ಸು ಬರಲಿಲ್ಲ. ಆದರೂ ಕನ್ನಡದ ಕಿವಿ ಅವರದೇ.

ಹೀಗಾಗಿ ‘ತಣಿ’ ಧಾತುವಿನತ್ತ ಒಲವು ಮೂಡಿದೆ. ಅದಕ್ಕೆ ತಂಪಾಗುವುದು, ತೃಪ್ತಿಯಾಗುವುದು ಎಂಬ ಎರಡು ಅರ್ಥಗಳೂ ಇವೆ. ಕತೆಯೊಳಗಿನ ಮನೆ ಬೆಚ್ಚಗಿರಲಿ, ಓದಿದವರಿಗೆ ದಕ್ಕುವುದು ತಣಿವು. ಆದ್ದರಿಂದ ‘ಮನ ತಣಿಸುವ ಕ್ರಿಸ್‌ಮಸ್ ಕತೆಗಳು’ ಎಂದಿಡಲು ಯೋಚಿಸಿದ್ದೇನೆ.

ನನ್ನ ಪ್ರಶ್ನೆಗಳು ಇವು. ರಾಯಚೂರು, ಕೊಪ್ಪಳದ ಕಡೆ ‘ತಣಿ’ಯನ್ನು ಮನಸ್ಸಿಗೂ ಹೇಳುತ್ತಾರೆಯೇ, ಹಸಿವು ಬಾಯಾರಿಕೆಗಷ್ಟೇ ಹೇಳುತ್ತಾರೆಯೇ? ‘ಮನಸ್ಸು ಬೆಚ್ಚಗಾಯಿತು’ ಎಂಬ ಪ್ರಯೋಗ ಹಳೆಯ ಕಾವ್ಯದಲ್ಲಿ ಅಥವಾ ಜನಪದ ಹಾಡುಗಳಲ್ಲಿ ಯಾರಿಗಾದರೂ ಸಿಕ್ಕಿದೆಯೇ? ಸಿಕ್ಕಿದ್ದರೆ ಪೂರ್ತಿ ಸಾಲನ್ನೇ ಬರೆದು ತಿಳಿಸಿ.