ಜರ್ಮನಿಯಿಂದ ಗೆಳೆಯರು ಹಾಕುವ ಚಿತ್ರಕಾರ್ಡ್‌ಗಳು: ಏನು ಹೇಳಿ ತರಿಸಬೇಕು, ಹೇಗೆ ಇಡಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಹಿಂದೊಮ್ಮೆ ಹೋಗಿಬಂದ ಜರ್ಮನಿಯಿಂದ ಅಲ್ಲಿನ ಗೆಳೆಯರು ಆಗಾಗ ಪೋಸ್ಟ್‌ಕಾರ್ಡ್ ಹಾಕುತ್ತಾರೆ. ನಲವತ್ತರ ಹತ್ತಿರ ಆಗಿವೆ. ಇನ್ನು ಮುಂದೆ ಸರಿಯಾದ ಸಂಗ್ರಹದ ಹಾಗೆ ಇಡೋಣ ಅಂತ ಕೂತರೆ ಒಂದೊಂದರಲ್ಲೂ ಒಂದೊಂದು ಕೊರತೆ. ಕೆಲವಕ್ಕೆ ಸ್ಟಾಂಪೇ ಇಲ್ಲ, ಆ ಜಾಗದಲ್ಲಿ ಯಾವುದೋ ಕೋಡ್ ಇದೆ. ಠಸ್ಸೆಯಲ್ಲಿ ಊರ ಹೆಸರಿನ ಬದಲು ‘ಬ್ರೀಫ್‌ಟ್ಸೆಂಟ್ರುಮ್’ ಅಂತ ಒಂದು ನಂಬರ್. ಕೆಳಗಡೆ ಬರೆದ ಸಾಲುಗಳ ಮೇಲೇ ಕೇಸರಿ ಬಣ್ಣದ ಗೆರೆಗಳು. ಆಲ್ಬಂಗೆ ಹಾಕಿಟ್ಟವುಗಳಲ್ಲಿ ಐದಾರು ಪ್ಲಾಸ್ಟಿಕ್‌ಗೆ ಅಂಟಿಕೊಂಡಿವೆ (ಊರು ಶಿವಮೊಗ್ಗದ ಆಚೆ, ಮಳೆಗಾಲ ಹೇಗಿರುತ್ತೆ ಗೊತ್ತಲ್ಲ).

ಒಬ್ಬರು ಅಲ್ಲಿನ ಹಳೇ ಸಾಮಾನಿನ ಸಂತೆಯಿಂದ ಯಾರೋ ಯಾರಿಗೋ ಬರೆದ ಹಳೆಯ ಕಾರ್ಡ್‌ಗಳನ್ನೂ ಕಳಿಸಿದ್ದಾರೆ. ಠಸ್ಸೆ ಮಾಸಿಹೋಗಿದ್ದರೆ ಅವುಗಳ ಕಾಲ ಕಂಡುಹಿಡಿಯೋದು ಹೇಗೆ?

ಠಸ್ಸೆಪ್ರಿಯ:

ಚಿತ್ರದ ಮೈ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಸಂಗ್ರಹಕ್ಕೆ ಬೆಲೆ ಬರೋದು ಹಿಂಬದಿಯಿಂದ: ಸ್ಟಾಂಪು, ಠಸ್ಸೆ, ಕೈಬರಹ. ಅದು ಅಲ್ಲೇ ಕೆಟ್ಟರೆ ಇಲ್ಲಿ ಏನು ಮಾಡಿದರೂ ಸರಿಹೋಗಲ್ಲ. ಆದ್ದರಿಂದ ಮುಕ್ಕಾಲು ಕೆಲಸ ಕಳಿಸುವವರ ಕೈಯಲ್ಲಿದೆ. ಅವರಿಗೆ ಒಂದು ಉದ್ದನೆಯ ಮೆಸೇಜ್ ಹಾಕಿಬಿಡಿ.

ಮೊದಲು ಸ್ಟಾಂಪು. ಅಲ್ಲಿ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಕೋಡ್ ಪಡೆದು ಕೈಯಲ್ಲೇ ಬರೆಯಬಹುದು, ಕಂಪ್ಯೂಟರ್‌ನಿಂದ ಪ್ರಿಂಟ್ ತೆಗೆದೂ ಅಂಟಿಸಬಹುದು. ಕಳಿಸುವವರಿಗೆ ಅನುಕೂಲ, ಸಂಗ್ರಹಕ್ಕೆ ಬೋಳು ಕಾರ್ಡ್. ‘ದಯವಿಟ್ಟು ಚಿತ್ರವಿರುವ ಸ್ಟಾಂಪೇ ಅಂಟಿಸಿ’ ಅಂತ ಬಾಯಿಬಿಟ್ಟು ಕೇಳಿ. 2021ರಿಂದ ಬಂದ ಸ್ಟಾಂಪುಗಳ ಪಕ್ಕದಲ್ಲಿ ಚೌಕದ ಮ್ಯಾಟ್ರಿಕ್ಸ್ ಕೋಡ್ ಇರುತ್ತೆ. ಅದು ಸ್ಟಾಂಪಿನದೇ ಭಾಗ, ಕತ್ತರಿಸಬಾರದು.

ದರ: 2025ರ ಜನವರಿ 1ರಿಂದ ಹೊರದೇಶದ ಪೋಸ್ಟ್‌ಕಾರ್ಡ್‌ಗೆ 1.25 ಯೂರೋ. ಎಡವುವುದು ಇಲ್ಲೇ. ಅದಕ್ಕೂ ಮೊದಲು ಹೊರದೇಶಕ್ಕೆ 95 ಸೆಂಟ್ ಇತ್ತು, ಈಗ ಜರ್ಮನಿಯ ಒಳಗಿನ ದರ 95 ಸೆಂಟ್. ಹಾಗಾಗಿ ಅಲ್ಲಿನವರೇ ಅಭ್ಯಾಸಬಲದಿಂದ 95ರದ್ದು ಅಂಟಿಸಿ ಡಬ್ಬಿಗೆ ಹಾಕಿಬಿಡ್ತಾರೆ. ಕಡಿಮೆ ಬಿದ್ದ ಕಾರ್ಡ್ ಅವರಿಗೇ ವಾಪಸ್ ಹೋಗಬಹುದು, ಇಲ್ಲವೇ ದರ ಸಾಲದೆಂಬ ‘ಟಿ’ ಗುರುತು ಬಿದ್ದು ನಿಮ್ಮ ಪೋಸ್ಟ್‌ಮ್ಯಾನ್ ಬಾಕಿ ಕೇಳಬಹುದು. ಮನೆಯಲ್ಲಿ ಉಳಿದ 95ರ ಸ್ಟಾಂಪಿದ್ದರೆ ಪಕ್ಕದಲ್ಲಿ ಇನ್ನೂ 30 ಸೆಂಟಿನದು ಸೇರಿಸಲಿ. ಎರಡು ಮೂರು ಸ್ಟಾಂಪಿದ್ದ ಕಾರ್ಡ್ ನೋಡೋಕೂ ಚೆಂದ. ಯೂರೋ ಸ್ಟಾಂಪುಗಳಿಗೆ ಅವಧಿ ಇಲ್ಲ. ಅಜ್ಜನ ಡ್ರಾಯರ್‌ನಲ್ಲಿ ಸಿಕ್ಕ ಪ್ಫೆನಿಗ್ (ಯೂರೋಗೂ ಹಿಂದಿನ ಚಿಲ್ಲರೆ ನಾಣ್ಯ) ಸ್ಟಾಂಪು ಮಾತ್ರ ನಡೆಯಲ್ಲ, ಅದು 2002ರ ಜೂನ್ 30ಕ್ಕೇ ಮುಗಿಯಿತು. ಪ್ರವಾಸಿಗಳ ಅಂಗಡಿಯಲ್ಲಿ ಕಾರ್ಡಿನ ಜೊತೆ ಮಾರುವ ಸ್ಟಾಂಪು ಖಾಸಗಿ ಕಂಪನಿಯದಾಗಿದ್ದರೆ ಡಾಯ್ಚ ಪೋಸ್ಟ್‌ನ (ಜರ್ಮನಿಯ ಮುಖ್ಯ ಅಂಚೆ ಸಂಸ್ಥೆ) ಹಳದಿ ಡಬ್ಬಿಗೆ ಹಾಕಬಾರದು.

ಠಸ್ಸೆ: ಡಬ್ಬಿಗೆ ಹಾಕಿದ್ದೆಲ್ಲ ಆ ಸೀಮೆಯ ವಿಂಗಡಣೆ ಕೇಂದ್ರಕ್ಕೆ ಹೋಗಿ ಯಂತ್ರದಡಿ ಬೀಳುತ್ತೆ. ಅದೇ ನಿಮ್ಮ ‘ಬ್ರೀಫ್‌ಟ್ಸೆಂಟ್ರುಮ್’. ನಂಬರ್ ಅಂದರೆ ಅವರ ಪಿನ್‌ಕೋಡಿನ ಮೊದಲ ಎರಡಂಕಿಯ ಲೆಕ್ಕ. ಟ್ಯೂಬಿಂಗನ್‌ನಿಂದ (ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು) ಹಾಕಿದರೂ ಠಸ್ಸೆಯಲ್ಲಿ ಬರುವುದು 72 ಅಷ್ಟೇ. ಊರ ಹೆಸರು ಬೇಕಿದ್ದರೆ ಅಂಚೆ ಕೌಂಟರಿಗೆ ಹೋಗಿ ಕೈಠಸ್ಸೆ ಹಾಕಿಸಬೇಕು. ಈಗ ಕೌಂಟರ್‌ಗಳು ಬಹಳಷ್ಟು ಕಡೆ ದಿನಸಿ ಅಂಗಡಿ, ಪೇಪರ್ ಅಂಗಡಿಯೊಳಗೇ ಇರುತ್ತವೆ. ನೂಕುನುಗ್ಗಲಿನ ಹೊತ್ತು ಬಿಟ್ಟು ನಯವಾಗಿ ಕೇಳಿದರೆ ಹಾಕಿಕೊಡ್ತಾರೆ. ವಿಶೇಷ ಠಸ್ಸೆ ಬೇಕಿದ್ದರೆ ಬವೇರಿಯಾದ ವೈಡೆನ್‌ನಲ್ಲಿರುವ ಡಾಯ್ಚ ಪೋಸ್ಟ್‌ನ ಸ್ಟಾಂಪ್ ವಿಭಾಗಕ್ಕೆ, ಸ್ಟಾಂಪು ಅಂಟಿಸಿ ವಿಳಾಸ ಬರೆದ ಕಾರ್ಡ್‌ಗಳನ್ನು ಲಕೋಟೆಯೊಳಗಿಟ್ಟು ಚೀಟಿ ಸಮೇತ ಕಳಿಸುವ ಪದ್ಧತಿ ಇದೆ.

ಕೇಸರಿ ಗೆರೆ ವಿಂಗಡಣೆ ಯಂತ್ರ ಸಿಂಪಡಿಸುವ ಕೋಡ್. ತಪ್ಪಿಸಲಾಗದು, ಅದಕ್ಕೆ ಜಾಗ ಬಿಡಬಹುದು. ಎ6 ಕಾರ್ಡ್ ಅಂದರೆ 148 ಮಿ.ಮೀ. ಅಗಲ, 105 ಎತ್ತರ. ಕೆಳಗಿನ 15 ಮಿ.ಮೀ. ಪಟ್ಟಿ ಎಡದಿಂದ ಬಲದವರೆಗೂ ಖಾಲಿ. ಮೇಲೆ ಬಲಕ್ಕೆ 74 ಅಗಲ, 40 ಎತ್ತರದ ಜಾಗ ಸ್ಟಾಂಪಿಗೂ ಠಸ್ಸೆಗೂ. ಬಲಭಾಗದಲ್ಲಿ ನಡುವೆ ಉಳಿಯುವ 50 ಮಿ.ಮೀ.ನಲ್ಲಿ ವಿಳಾಸ, ಐದು ಸಾಲು ಆರಾಮಾಗಿ ಹಿಡಿಯುತ್ತೆ. ಒಕ್ಕಣೆ ಎಡಭಾಗಕ್ಕೇ ನಿಲ್ಲಬೇಕು. ಜಾಗ ಸಾಲದೆ ಪ್ರೀತಿಯಿಂದ ಕೆಳಗೂ ಮೇಲೂ ಸುತ್ತಿ ಬರೆಯುವವರ ಕಾರ್ಡ್‌ಗಳೇ ಹೆಚ್ಚು ಹಾಳಾಗೋದು.

ಎಂಟಾಣೆ ಕಾರ್ಡು:

ಮೇಲಿನದಕ್ಕೆ ವಿಳಾಸದ ವಿಷಯ ಸೇರಿಸ್ತೀನಿ. ಕಾರ್ಡ್ ಕಳೆದುಹೋಯಿತು ಅಂತ ಅಂದುಕೊಂಡವುಗಳಲ್ಲಿ ಕೆಲವಾದರೂ ಒಂದಂಕಿಯ ದೆಸೆಯಿಂದ ಊರೂರು ಅಲೆದವು. ಜರ್ಮನ್ನರು ಕೈಯಲ್ಲಿ 1 ಬರೆಯುವಾಗ ಎಡಗಡೆ ಕೆಳಗಿನಿಂದ ಉದ್ದನೆಯ ಗೆರೆ ಎಳೆದು ತುದಿಗೆ ಮುಟ್ಟಿಸಿ ಆಮೇಲೆ ಕೆಳಗಿಳಿಸ್ತಾರೆ. ನಮ್ಮ ಕಣ್ಣಿಗೆ ಅದು ಅಪ್ಪಟ 7. ಅವರ 7ಕ್ಕೆ ನಡುವೆ ಅಡ್ಡಗೆರೆ ಇರುವುದರಿಂದ ಅವರಿಗೆ ಗೊಂದಲವೇ ಇಲ್ಲ. ಜಯನಗರದ 560011 ಇಲ್ಲಿ 560077 ಆಗಿ ಬೆಂಗಳೂರಿನ ಇನ್ನೊಂದು ಮೂಲೆಗೆ ಹೋಗುತ್ತೆ. ‘ಒಂದನ್ನು ಬರೀ ನೆಟ್ಟಗಿನ ಕಡ್ಡಿಯ ಹಾಗೆ ಬರೆಯಿರಿ’ ಅಂತ ಹೇಳಿ. ಇಲ್ಲವೇ ವಿಳಾಸ ಟೈಪ್ ಮಾಡಿದ ಫೈಲ್ ಕಳಿಸಿ, ಪ್ರಿಂಟ್ ತೆಗೆದು ಅಂಟಿಸಲಿ. ಅಂಚುಗಳಿಗೂ ಗೋಂದು ತಾಗಬೇಕು, ಇಲ್ಲದಿದ್ದರೆ ಯಂತ್ರದಲ್ಲಿ ಕಿತ್ತುಬರುತ್ತೆ.

ಹೆಸರನ್ನೂ ಒಕ್ಕಣೆಯನ್ನೂ ಕನ್ನಡದಲ್ಲಿ ಬರೆಯಲಿ, ಅಡ್ಡಿಯಿಲ್ಲ. ಕೊನೆಯ ಸಾಲಿನಲ್ಲಿ ದೇಶದ ಹೆಸರು ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಕಳಿಸುವವರ ವಿಳಾಸ ಬರೆಯುವುದಾದರೆ ಎಡಗಡೆ ಮೇಲೆ, ಸಣ್ಣಗೆ. ಅದನ್ನು ವಿಳಾಸದ ಪಕ್ಕದಲ್ಲೇ ದಪ್ಪಗೆ ಬರೆದರೆ ಯಂತ್ರ ಎರಡರಲ್ಲಿ ಯಾವುದನ್ನು ಓದುತ್ತೋ ಹೇಳಕ್ಕಾಗಲ್ಲ, ಕಾರ್ಡ್ ಹೊರಟ ಮನೆಗೇ ತಲುಪಿದ ಉದಾಹರಣೆಗಳಿವೆ.

ಪೆನ್ನು: ಜೆಲ್ ಪೆನ್ನೂ ಬೇಡ, ಇಂಕ್ ಪೆನ್ನೂ ಬೇಡ. ಜುಲೈನಲ್ಲಿ ಪೋಸ್ಟ್‌ಮ್ಯಾನ್ ಚೀಲದಿಂದ ನಿಮ್ಮ ಗೇಟಿನ ಡಬ್ಬಿಗೆ ಬರುವಷ್ಟರಲ್ಲಿ ನಾಲ್ಕು ಹನಿ ಸಾಕು, ಅಕ್ಷರ ನೀಲಿ ನೀರಾಗೋಕೆ. ಸಾದಾ ಬಾಲ್‌ಪೆನ್ ಸಾಕು. ಹಿಂಬದಿಯೂ ಮಿರಮಿರ ಹೊಳೆಯುವ ಕಾರ್ಡ್‌ಗಳನ್ನು ಕೊಳ್ಳಲೇಬಾರದು, ಅದರ ಮೇಲೆ ಬಾಲ್‌ಪೆನ್ನೂ ಹತ್ತಲ್ಲ, ಠಸ್ಸೆಯ ಮಸಿಯೂ ಒಣಗದೆ ಪಕ್ಕದ ಕಾರ್ಡಿಗೆ ಬಳಿದುಕೊಳ್ಳುತ್ತೆ.

ಇನ್ನೊಂದು ದಾರಿ ಲಕೋಟೆ. 20 ಗ್ರಾಂವರೆಗಿನ ಸಾದಾ ಪತ್ರಕ್ಕೂ ಹೊರದೇಶಕ್ಕೆ ಅದೇ 1.25 ಯೂರೋ. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅಂತ) ದಪ್ಪದ ಎ6 ಕಾರ್ಡ್ ಒಂದಕ್ಕೆ 5 ಗ್ರಾಂಗಿಂತ ತುಸು ಕಡಿಮೆ ತೂಕ. ತೆಳು ಲಕೋಟೆಯಲ್ಲಿ ಮೂರು ಕಾರ್ಡ್ ಅದೇ ದುಡ್ಡಿಗೆ, ಗೀರಿಲ್ಲದೆ ಬರುತ್ತವೆ.

ಠಸ್ಸೆಪ್ರಿಯ:

ಲಕೋಟೆಯ ಮಾತು ಒಪ್ಪಲ್ಲ ಸರ್. ಲಕೋಟೆಯಲ್ಲಿ ಬಂದದ್ದು ಅಂಗಡಿಯಲ್ಲಿ ಕೊಂಡ ಕಾರ್ಡಿಗೆ ಸಮ. ಜರ್ಮನ್ ಸಂಗ್ರಾಹಕರು ಕಾರ್ಡನ್ನು ಎರಡೇ ಜಾತಿ ಮಾಡ್ತಾರೆ: ‘ಗೆಲಾಉಫನ್’, ಅಂದರೆ ಅಂಚೆಯಲ್ಲಿ ಓಡಿದ್ದು, ಮತ್ತು ‘ಉನ್‌ಗೆಲಾಉಫನ್’, ಓಡದೇ ಇದ್ದದ್ದು. ಗೆಳೆಯರು ಕಳಿಸಿದ ಸಂಗ್ರಹ ಅಂತ ಹೇಳಿ ಓಡದ ಕಾರ್ಡ್ ತುಂಬಿಸಿದರೆ ಏನು ಬಂತು? ಮೂಲೆ ಸ್ವಲ್ಪ ಮುದುಡಿದ್ದರೆ ಮುದುಡಿರಲಿ.

ಎಂಟಾಣೆ ಕಾರ್ಡು:

ಹೊಸ ಕಾರ್ಡಿಗೆ ನೀವು ಹೇಳಿದ್ದೇ ಸರಿ. ಸಂತೆಯ ಹಳೇ ಕಾರ್ಡ್‌ಗಳು, ಕತ್ತರಿಸಿದ ಆಕಾರದ ಕಾರ್ಡ್‌ಗಳು, ಮರದ ಹಾಳೆಯವು ಲಕೋಟೆಯಲ್ಲೇ ಬರಬೇಕು. ಆಯತಾಕಾರ ಬಿಟ್ಟದ್ದಕ್ಕೆ ಪೋಸ್ಟ್‌ಕಾರ್ಡ್ ದರವೂ ಅನ್ವಯಿಸಲ್ಲ.

ಮಳೆ ಮನೆ:

ಇಡುವ ವಿಷಯ ಯಾರೂ ಹೇಳಿಲ್ಲ, ಶಿವಮೊಗ್ಗದವರಿಗೆ ಅದೇ ಮುಖ್ಯ.

ಅಂಟಿಕೊಂಡದ್ದು ಪಿವಿಸಿ ಪ್ಲಾಸ್ಟಿಕ್‌ನ ಪ್ರತಾಪ. ಮೆತ್ತಗಿರಲಿ ಅಂತ ಅದಕ್ಕೆ ಬೆರೆಸಿದ ಎಣ್ಣೆಯಂಥ ವಸ್ತು ಸೆಕೆಗೆ ನಿಧಾನ ಹೊರಬಂದು ಕಾರ್ಡಿನ ಹೊಳಪಿನ ಪದರಕ್ಕೆ, ಠಸ್ಸೆಯ ಮಸಿಗೆ ಹತ್ತುತ್ತೆ. ಗುರುತು ಹಿಡಿಯೋದು ಸುಲಭ: ಹೊಸ ರೇನ್‌ಕೋಟಿನ ವಾಸನೆ ಬಂದರೆ, ಮುಟ್ಟಿದರೆ ಜಿಗುಟು ಅನ್ನಿಸಿದರೆ ಪಿವಿಸಿ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಪೌಚ್ ಕೇಳಿ ತಗೊಳ್ಳಿ. ಅವಕ್ಕೆ ವಾಸನೆ ಇರಲ್ಲ, ಹಿಡಿದರೆ ಗರಗರ ಸದ್ದು. ಎ6ಗೆ ಸುಮಾರು 110 × 155 ಮಿ.ಮೀ. ಅಳತೆ ಹೊಂದುತ್ತೆ. ಪೌಚಿನ ಬಾಯಿಗೆ ಅಂಟುಪಟ್ಟಿ ಇದ್ದರೆ ಕಿತ್ತೆಸೆಯಿರಿ, ಕಾರ್ಡ್ ಹೊರತೆಗೆಯುವಾಗ ಸ್ಟಾಂಪಿಗೆ ಹತ್ತಿಕೊಳ್ಳುತ್ತೆ.

ಈಗ ಅಂಟಿರುವವನ್ನು ಎಳೆಯಬೇಡಿ. ಮೊದಲು ಪ್ಲಾಸ್ಟಿಕ್ ಸಮೇತ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಕೆಟ್ಟರೆ ಇದೊಂದಾದರೂ ಉಳಿಯುತ್ತೆ. ಆಮೇಲೆ ಪೌಚಿನ ಮೂರು ಅಂಚು ಕತ್ತರಿಸಿ, ಕಾರ್ಡನ್ನು ಮೇಜಿನ ಮೇಲೆ ಒತ್ತಿಹಿಡಿದು, ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಮಡಚುತ್ತಾ ಕಾರ್ಡಿಗೆ ತಾಗಿದ ಹಾಗೇ ನಿಧಾನ ಎಳೆಯಿರಿ. ಬಾಗಬೇಕಾದದ್ದು ಪ್ಲಾಸ್ಟಿಕ್, ಕಾರ್ಡಲ್ಲ. ಬಣ್ಣ ಕಿತ್ತುಬರೋದು ಕಂಡರೆ ಅಲ್ಲಿಗೇ ನಿಲ್ಲಿಸಿ, ಅಂಟಿದ ತುಂಡನ್ನು ಹಾಗೇ ಬಿಡಿ.

ಮಳೆಗಾಲದಲ್ಲಿ ಆಲ್ಬಂಗಿಂತ ಡಬ್ಬ ಮೇಲು. ಶೂ ಡಬ್ಬದಂಥದ್ದರಲ್ಲಿ ಕಾರ್ಡ್‌ಗಳನ್ನು ಗ್ರಂಥಾಲಯದ ಚೀಟಿಗಳ ಹಾಗೆ ನಿಲ್ಲಿಸಿಡಿ. ಒಂದರ ಮೇಲೊಂದು ಮಲಗಿಸಿದರೆ ಅಡಿಯವಕ್ಕೆ ಭಾರ ಬಿದ್ದು ಅಂಟುವುದು ಮತ್ತೆ ಶುರು. ತೀರಾ ಬಿಗಿಯಾಗಿ ತುರುಕಬೇಡಿ. ಆ ಡಬ್ಬವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದೊಳಗಿಟ್ಟು ಸಿಲಿಕಾ ಜೆಲ್ ಹಾಕಿ, ಒಂದು ಸಣ್ಣ ತೇವಮಾಪಕ ಇಡಿ. ಮುಳ್ಳು ಶೇ. 40ರಿಂದ 55ರೊಳಗಿರಲಿ, 65 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಆಹ್ವಾನ ಕೊಟ್ಟ ಹಾಗೆ. ಬಣ್ಣ ಬದಲಾಯಿಸುವ ಜಾತಿಯ ಜೆಲ್ ತಂದರೆ ಯಾವಾಗ ಒಣಗಿಸಬೇಕು ಅಂತ ಅದೇ ಹೇಳುತ್ತೆ. ಹಸಿ ಬೇವಿನ ಸೊಪ್ಪು ಇಡುವ ಸಲಹೆ ಎಲ್ಲರೂ ಕೊಡ್ತಾರೆ. ಸೊಪ್ಪಿನ ತೇವವನ್ನು ನೀವೇ ಒಳಗಿಟ್ಟು ಮುಚ್ಚಿದ ಹಾಗೆ ಅದು. ನುಸಿಗುಳಿಗೆಯೂ ಡಬ್ಬದೊಳಗೆ ಬೇಡ. ಲ್ಯಾಮಿನೇಶನ್ ಅಂತೂ ಯೋಚನೆಯೇ ಮಾಡಬೇಡಿ, ಅದು ವಾಪಸ್ ಬಾರದ ದಾರಿ.

ನೆನೆದು ಬಂದ ಕಾರ್ಡಿಗೆ ಇಸ್ತ್ರಿ ಹಾಕಬಾರದು. ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ಮೊದಲ ದಿನ ಎರಡು ಮೂರು ಸಲ ಪೇಪರ್ ಬದಲಾಯಿಸಿ.

ಬಂದ ತಾರೀಕು, ಕಳಿಸಿದವರ ಹೆಸರು ಕಾರ್ಡಿನ ಮೇಲೆ ಬರೆಯಬೇಡಿ. ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಪೌಚಿಗೆ ಸೇರಿಸಿ. ಸ್ಕ್ಯಾನ್ 600 ಡಿಪಿಐ, ಎರಡೂ ಬದಿ.

ಹಳೇಕಾಗದ:

ಸಂತೆಯ ಕಾರ್ಡ್‌ಗಳಿಗೆ ಬರ್ತೀನಿ. ಠಸ್ಸೆ ಮಾಸಿದ್ದರೂ ವಿಳಾಸವೇ ಕಾಲ ಹೇಳುತ್ತೆ.

ಹಿಂಬದಿಯಲ್ಲಿ ನಡುಗೆರೆ ಇಲ್ಲದೆ ಪೂರ್ತಿ ವಿಳಾಸಕ್ಕೇ ಮೀಸಲಿದ್ದು, ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿ ತುರುಕಿದ್ದರೆ ಅದು 1905ಕ್ಕಿಂತ ಹಿಂದಿನ ಮಾದರಿ. ಜರ್ಮನಿಯಲ್ಲಿ ಹಿಂಬದಿಯನ್ನು ಎರಡು ಪಾಲು ಮಾಡಲು ಬಿಟ್ಟದ್ದು ಆ ವರ್ಷ. ಸ್ಟಾಂಪಿನ ಮೇಲೆ ಲಕ್ಷ, ಕೋಟಿ ಮಾರ್ಕ್‌ಗಳ ಬೆಲೆ ಕಂಡರೆ ಯೋಚಿಸಲೇಬೇಡಿ, 1923, ಹಣದುಬ್ಬರದ ವರ್ಷ.

ಆಮೇಲಿನದಕ್ಕೆ ಊರ ಹೆಸರಿಗೆ ಮೊದಲು ಬರೆದ ಪಿನ್‌ಕೋಡಿನ ಅಂಕಿ ಎಣಿಸಿ. ಎರಡಂಕಿ ಇದ್ದರೆ ಸಾಮಾನ್ಯವಾಗಿ 1940ರ ದಶಕದಿಂದ 60ರ ದಶಕದ ಶುರುವಿನವರೆಗೆ. ನಾಲ್ಕಂಕಿ ಪಶ್ಚಿಮ ಜರ್ಮನಿಯಲ್ಲಿ 60ರ ದಶಕದ ಆರಂಭಕ್ಕೆ ಬಂತು, ಪೂರ್ವ ಜರ್ಮನಿಯಲ್ಲಿ 1965ಕ್ಕೆ. ಎರಡೂ ಒಂದಾದಾಗ ಒಂದೇ ಅಂಕಿ ಎರಡು ಊರಿಗೆ ಬೀಳುತ್ತಿದ್ದುದರಿಂದ ಅಂಕಿಗೆ ಮೊದಲು ಪಶ್ಚಿಮಕ್ಕೆ ‘ಡಬ್ಲ್ಯು’, ಪೂರ್ವಕ್ಕೆ ‘ಓ’ ಸೇರಿಸಿದರು. ಆ ಅಕ್ಷರವಿರುವ ಕಾರ್ಡ್‌ಗಳು ಮೂರು ವರ್ಷದ ಬೆಳೆ ಮಾತ್ರ. 1993ರ ಜುಲೈ 1ರಿಂದ ಐದಂಕಿ. ಜನ ಹಳೇ ಅಭ್ಯಾಸ ಬೇಗ ಬಿಡಲ್ಲ, ಆದ್ದರಿಂದ ನಾಲ್ಕಂಕಿ ಕಂಡ ಮಾತ್ರಕ್ಕೆ 1993ರ ಒಳಗಿನದು ಅಂತ ತೀರ್ಮಾನಿಸದೆ ಸ್ಟಾಂಪನ್ನೂ ನೋಡಿ. ಪ್ಫೆನಿಗ್ ಜೊತೆ ಯೂರೋ ಬೆಲೆಯೂ ಅಚ್ಚಾಗಿದ್ದರೆ 2002ರ ಆಸುಪಾಸು.

ಸ್ಟಾಂಪನ್ನು ಮಾತ್ರ ನೆನೆಸಿ ಬಿಡಿಸಬೇಡಿ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಸಂತೆಯ ಕಾರ್ಡ್‌ಗಳಲ್ಲಿ ಒಂದಕ್ಕೆ ‘ಓ’ ಇದೆ! ಇನ್ನೊಂದು ಪ್ರಶ್ನೆ: ಗೆಳೆಯರ ಪ್ರಕಾರ ಜೋಡಿಸಲೋ, ಊರಿನ ಪ್ರಕಾರವೋ?

ಮಳೆ ಮನೆ:

ಡಬ್ಬದಲ್ಲಿ ಬಂದ ತಾರೀಕಿನ ಪ್ರಕಾರ ನಿಲ್ಲಿಸಿ, ಚೀಟಿಗೆ ಕ್ರಮಸಂಖ್ಯೆ ಕೊಡಿ. ಸ್ಕ್ಯಾನ್ ಫೈಲಿಗೂ ಅದೇ ಸಂಖ್ಯೆ, ಪಕ್ಕದಲ್ಲಿ ಊರು, ಕಳಿಸಿದವರು. ಊರಿನ ಪ್ರಕಾರ ನೋಡಬೇಕಾದಾಗ ಕಂಪ್ಯೂಟರ್ ಜೋಡಿಸಿಕೊಡುತ್ತೆ, ಕಾರ್ಡ್ ಮುಟ್ಟೋದೇ ಬೇಡ.