ಚಿಕ್ಕಪ್ಪ ಹಾಕಿದ ಫಾರ್ವರ್ಡ್

ಚಿಕ್ಕಪ್ಪ, ಶಿರಸಿ: "ಹುಡುಗಿಯರ ಹಿಂದೆ ಬಿದ್ದರೆ 3 ವರ್ಷ ಜೈಲು. ಎಲ್ಲರಿಗೂ ಕಳಿಸಿ."
ಕಾನೂನು ಎಷ್ಟು ಬಿಗಿ ನೋಡಿ. ಆದರೂ ಶಿಕ್ಷೆ ಆಗುವುದು ಕಡಿಮೆ. ಅರ್ಧ ಕೇಸು ಸುಳ್ಳೇ ಇರಬೇಕು.

ವೀಣಾ, ಕಾರವಾರ: ಚಿಕ್ಕಪ್ಪಾ, ಕೊನೇ ಮಾತು ಒಪ್ಪುವುದಿಲ್ಲ. ದಿನಾ ಕೋರ್ಟಿನಲ್ಲಿರುವವಳು ನಾನು. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಅಷ್ಟರಲ್ಲಿ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ. ಸಾಕ್ಷಿಗೆ ಬಾ ಅಂದರೆ ಗಂಡನ ಮನೆಯವರು ಬೇಡ ಅನ್ನುತ್ತಾರೆ. ಕೇಸು ಬಿದ್ದುಹೋಗುತ್ತದೆ. ಅದು ಸುಳ್ಳು ಕೇಸಾ?

ಮಂಜು ಭಾವ, ಹೊನ್ನಾವರ: ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ವರದಿಯಲ್ಲಿ ಎಲ್ಲ ಇರುತ್ತದಲ್ಲ?

ವೀಣಾ: ಎಣಿಸುವ ರೀತಿ ನೋಡಿ ಭಾವ. ಒಂದೇ ಎಫ್‌ಐಆರ್‌ನಲ್ಲಿ ಹಿಂದೆ ಬಿದ್ದದ್ದು, ಚೂರಿ ಹಾಕಿದ್ದು ಎರಡೂ ಇದ್ದರೆ, ಜಾಸ್ತಿ ಶಿಕ್ಷೆ ಇರುವ ಒಂದನ್ನೇ ಎಣಿಸುತ್ತಾರೆ. ಚೂರಿ ಲೆಕ್ಕಕ್ಕೆ ಬಂತು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಕಾಡಿದ್ದು ಲೆಕ್ಕಕ್ಕೇ ಇಲ್ಲ.

ಇನ್ನೊಂದು. ಹಿಂದೆ ಬೀಳುವುದೇ ಅಪರಾಧ ಅನ್ನುವ 354ಡಿ ಕಲಮನ್ನು 2013ರಲ್ಲಿ ಹಳೆಯ ದಂಡ ಸಂಹಿತೆ ಐಪಿಸಿಗೆ ಸೇರಿಸಿದರು. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತು, ಅದರಲ್ಲಿ ಇದು 78ನೇ ಕಲಮು. ಮೊದಲ ಸಲ 3 ವರ್ಷದವರೆಗೆ, ಜಾಮೀನು ಸಿಗುವ ಕೇಸು. ಮತ್ತೆ ಅದೇ ತಪ್ಪಿಗೆ ಶಿಕ್ಷೆಯಾದರೆ 5 ವರ್ಷದವರೆಗೆ, ಜಾಮೀನುರಹಿತ. ಆದರೆ ಮೊದಲನೇ ಶಿಕ್ಷೆಯ ಕಾಗದ ಬೇರೆ ತಾಲೂಕಿನ ಕಪಾಟಿನಲ್ಲಿದ್ದು ಯಾರೂ ಹುಡುಕದಿದ್ದರೆ, ಅವನು ಪ್ರತಿ ಸಲವೂ ಹೊಸಬನೇ.

ಚಿಕ್ಕಪ್ಪ: ಕೇಸು ಯಾಕೆ ತಂಗಿ? ಕರೆದು ಬುದ್ಧಿ ಹೇಳಿದರೆ ಸಾಕಲ್ವಾ?

ವೀಣಾ: ನನ್ನ ವಿಷಯದಲ್ಲಿ ಹಾಗೇ ಮಾಡಿದ್ದರು. ಡಿಗ್ರಿ ಎರಡನೇ ವರ್ಷ. ಸಂಜೆ ಬಸ್ಸಿನಲ್ಲಿ ದಿನಾ ನನ್ನ ಹಿಂದಿನ ಸೀಟು. ನಾನು ಇಳಿದಲ್ಲೇ ಇಳಿಯುತ್ತಿದ್ದ. ಠಾಣೆಗೆ ಹೋದೆ. ಅವನನ್ನು ಕರೆಸಿ ಗದರಿಸಿದರು. ಬಿಳಿ ಹಾಳೆ ಮೇಲೆ ಮುಚ್ಚಳಿಕೆ ಬರೆಸಿಕೊಂಡರು. ಅದಕ್ಕೊಂದು ನಂಬರ್ ಇಲ್ಲ, ನನಗೆ ಪ್ರತಿ ಇಲ್ಲ. ಎಂಟು ತಿಂಗಳಿಗೆ ಮತ್ತೆ ಅದೇ ಸೀಟು. ಠಾಣೆಯಲ್ಲಿ ಆ ಹಾಳೆ ಕೇಳಿದೆ. ಸಿಗಲಿಲ್ಲ. "ಇದೇ ಮೊದಲ ಸಲ ಅಲ್ವಾ" ಅಂದರು.

ಲತಾ ಅತ್ತಿಗೆ, ಅಂಕೋಲಾ: ನಮ್ಮ ಪಕ್ಕದ ಮನೆ ಹುಡುಗಿ ಹೋದ ತಿಂಗಳು ದೂರು ಕೊಟ್ಟಿದ್ದಾಳೆ. ಫೋನ್ ಮಾಡುತ್ತೇವೆ ಅಂದರಂತೆ. ಇನ್ನೂ ಮಾಡಿಲ್ಲ.

ವೀಣಾ: ಎಫ್‌ಐಆರ್ ಪ್ರತಿ ಇದೆಯಾ ಕೇಳಿ ಅತ್ತಿಗೆ. ಅದನ್ನು ಪುಕ್ಕಟೆ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಅವಳಿಗೆ ತಿಳಿಸಬೇಕು, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅನ್ನುವ ಬಿಎನ್‌ಎಸ್‌ಎಸ್ ಕಾನೂನಿನಲ್ಲೇ ಇದೆ. ಕೋರ್ಟಿಗೆ ಬಂದ ಮೇಲೆ ಆ ಕೇಸಿಗೇ ಅಂತ ಒಂದು ಸಿಎನ್‌ಆರ್ ನಂಬರ್ ಸಿಗುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಕು ಕಾಣುತ್ತದೆ. ಅವನ ಮೆಸೇಜು ಒಂದನ್ನೂ ಅಳಿಸುವುದು ಬೇಡ.

ಲತಾ ಅತ್ತಿಗೆ: ಕೇಳಿದೆ. ಎಫ್‌ಐಆರ್ ಇಲ್ಲ. ಸೀಲು ಹಾಕಿದ ಚೀಟಿ ಒಂದಿದೆ.

ವೀಣಾ: ಅದರ ಫೋಟೋ ನನಗೊಬ್ಬಳಿಗೇ ಕಳಿಸಿ. ಗುಂಪಿಗೆ ಬೇಡ.

ಚಿಕ್ಕಪ್ಪ: ತಂಗಿ, ಮುಚ್ಚಳಿಕೆ ವಿಷಯ ನಮಗೆ ಯಾಕೆ ಹೇಳಲಿಲ್ಲ?

ವೀಣಾ: ಆಯಿಗೆ ಗೊತ್ತಿತ್ತು ಚಿಕ್ಕಪ್ಪ. ಹೇಳಿದರೆ ಕಾಲೇಜು ಬಿಡಿಸುತ್ತೀರಿ ಅಂತ ಇಬ್ಬರೂ ಸುಮ್ನಿದ್ದೆವು.

ಲತಾ ಅತ್ತಿಗೆ: ಫೋಟೋ ಕಳಿಸಿದೆ, ನೋಡು.